ದಿನಾಂಕ ಬಿಡಿ, ವಿಷಯ ಹಿಡಿಯಿರಿ: ಪ್ರಚಲಿತ ವಿದ್ಯಮಾನ ಓದುವ ಬಗೆ

ಕೆಎಎಸ್ (ಕರ್ನಾಟಕ ಆಡಳಿತ ಸೇವೆ) ಪ್ರಿಲಿಮ್ಸ್‌ನ, ಅಂದರೆ ಪೂರ್ವಭಾವಿ ಪರೀಕ್ಷೆಯ, ಎರಡು ಪತ್ರಿಕೆ ಸೇರಿದರೆ 200 ಪ್ರಶ್ನೆ, 400 ಅಂಕ. ಮೊದಲ ಪತ್ರಿಕೆಯಲ್ಲಿ 40 ಪ್ರಶ್ನೆ ರಾಷ್ಟ್ರೀಯ ಮತ್ತು ಅಂತಾರಾಷ್ಟ್ರೀಯ ವಿದ್ಯಮಾನಗಳದ್ದು. ಎರಡನೆಯದರಲ್ಲಿ ಇನ್ನೂ 40 ರಾಜ್ಯದ ವಿದ್ಯಮಾನ ಮತ್ತು ಸರ್ಕಾರದ ಕಾರ್ಯಕ್ರಮಗಳದ್ದು. ಲೆಕ್ಕ ಹಾಕಿದರೆ 160 ಅಂಕ ಪ್ರಚಲಿತದಿಂದಲೇ ಬರಬೇಕು. ಇಷ್ಟು ತೂಕದ ಭಾಗವನ್ನು ಹೆಚ್ಚಿನವರು ಓದುವುದು ದಿನಚರಿ ಬರೆದ ಹಾಗೆ: ಜನವರಿ 4ಕ್ಕೆ ಇದು, 5ಕ್ಕೆ ಅದು. ವರ್ಷ ಮುಗಿಯುವ ಹೊತ್ತಿಗೆ ನಾಲ್ಕು ನೋಟ್‌ಬುಕ್ ತುಂಬಿರುತ್ತವೆ, ಆದರೆ ಬಾಲ್ಯವಿವಾಹದ ಬಗ್ಗೆ ಏನಾದರೂ ಬೇಕಾದರೆ ನಾಲ್ಕನ್ನೂ ಮಗುಚಿ ಹಾಕಬೇಕು. ಪ್ರಶ್ನೆಪತ್ರಿಕೆ ದಿನಾಂಕದ ಪ್ರಕಾರ ಬರುವುದಿಲ್ಲ, ವಿಷಯದ ಪ್ರಕಾರ ಬರುತ್ತದೆ. ಟಿಪ್ಪಣಿಯೂ ಹಾಗೇ ಇರಬೇಕು.

ಹೊಲಿದ ನೋಟ್‌ಬುಕ್ ಬೇಡ. ಬಿಡಿ ಎ4 ಹಾಳೆ, ಎರಡು ತೂತಿನ ಪಂಚ್, ಒಂದು ರಿಂಗ್ ಫೈಲ್ ಸಾಕು. ಒಂದು ವಿಷಯಕ್ಕೆ ಒಂದೇ ಹಾಳೆ. ಮುಂದಿನ ಪುಟದಲ್ಲಿ ಕಾನೂನು, ಅಂಕಿ, ತೀರ್ಪು. ಹಿಂದಿನ ಪುಟದಲ್ಲಿ ಕಾರಣ, ಕರ್ನಾಟಕದ ಸ್ಥಿತಿ, ಪರಿಹಾರ. ಬರೆಯುವಾಗ ಕೆಳಗಿನ ಮೂರನೇ ಒಂದು ಭಾಗವನ್ನು ಖಾಲಿ ಬಿಡಿ, ಮುಂದಿನ ಹತ್ತು ತಿಂಗಳ ಸುದ್ದಿ ಅಲ್ಲಿಗೆ ಬರಬೇಕು. ಇಂಥ 60ರಿಂದ 70 ಹಾಳೆಗಳಾದರೆ ಸಾಮಾಜಿಕ ವಿಷಯಗಳು ಹೆಚ್ಚುಕಡಿಮೆ ಮುಗಿದಂತೆ.

ಬಾಲ್ಯವಿವಾಹದ ಹಾಳೆಯನ್ನೇ ತುಂಬಿಸಿ ನೋಡೋಣ. ಯುಪಿಎಸ್‌ಸಿ ಮೇನ್ಸ್‌ನಲ್ಲಿ (ಮುಖ್ಯ ಪರೀಕ್ಷೆ) ಸಮಾಜದ ಭಾಗವಾಗಿ ಮೊದಲ ಜಿಎಸ್ (ಸಾಮಾನ್ಯ ಅಧ್ಯಯನ) ಪತ್ರಿಕೆಗೂ, ದುರ್ಬಲ ವರ್ಗಗಳ ರಕ್ಷಣೆಯ ಕಾನೂನಾಗಿ ಎರಡನೆಯದಕ್ಕೂ, ಅಧಿಕಾರಿಯ ಎದುರಿನ ಇಕ್ಕಟ್ಟಾಗಿ ನೀತಿಶಾಸ್ತ್ರದ ಪತ್ರಿಕೆಗೂ ಒದಗುವ ವಿಷಯ ಇದು.

ಮೊದಲು ಕಾನೂನಿನ ಸಾಲು. 1929ರ ಕಾಯ್ದೆ, ಅಂದರೆ ಜನ ಶಾರದಾ ಕಾಯ್ದೆ ಎನ್ನುವುದು, ಹುಡುಗಿಗೆ 14, ಹುಡುಗನಿಗೆ 18 ಎಂದಿತು. 1949ರಲ್ಲಿ ಹುಡುಗಿಯ ವಯಸ್ಸು 15ಕ್ಕೆ ಏರಿತು. 1978ರ ತಿದ್ದುಪಡಿಯಲ್ಲಿ 18 ಮತ್ತು 21 ಆಯಿತು. ಈಗ ಜಾರಿಯಲ್ಲಿರುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ. ಗರಿಷ್ಠ ಎರಡು ವರ್ಷ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಹೆಣ್ಣಿನ ವಯಸ್ಸನ್ನು 21ಕ್ಕೆ ಏರಿಸುವ ಮಸೂದೆ 2021ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತು, ಸ್ಥಾಯಿ ಸಮಿತಿಗೆ ಹೋಯಿತು, 2024ರಲ್ಲಿ 17ನೇ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಇಲ್ಲಿ ಎಡವುವವರು ಬಹಳ ಮಂದಿ. ಮಸೂದೆ ಮಂಡನೆಯಾದ ದಿನದ ಸುದ್ದಿಯನ್ನು ಬರೆದಿಟ್ಟುಕೊಂಡು, ಅದರ ಮುಂದಿನ ಗತಿಯನ್ನು ನೋಡದೆ, 'ಈಗ ವಯಸ್ಸು 21' ಎಂದು ಉತ್ತರಿಸುತ್ತಾರೆ. ದಿನಾಂಕವಾರು ಟಿಪ್ಪಣಿಯ ದೊಡ್ಡ ಅಪಾಯವೇ ಇದು: ಅಲ್ಲಿ ಸುದ್ದಿಯ ಹುಟ್ಟು ಇರುತ್ತದೆ, ಸಾವು ಇರುವುದಿಲ್ಲ. ಹಾಳೆಯಲ್ಲಿ ಮಸೂದೆಯ ಮುಂದೆ ಪೆನ್ಸಿಲ್‌ನಲ್ಲಿ ಒಂದು ಚೌಕ ಬರೆಯಿರಿ. ಕಾಯ್ದೆಯಾದರೆ ಅದನ್ನು ಪೆನ್ನಿನಲ್ಲಿ ತುಂಬಿಸಿ, ಬಿದ್ದುಹೋದರೆ ಅಡ್ಡಗೆರೆ ಎಳೆಯಿರಿ.

ಈಗ ಅಂಕಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ಬಾಲ್ಯವಿವಾಹದ ಪ್ರಮಾಣ ದೇಶದ್ದು 23.3%, ಕರ್ನಾಟಕದ್ದು 21.3%. ಇಷ್ಟಕ್ಕೇ ನಿಲ್ಲಿಸಿದರೆ ಪ್ರಯೋಜನ ಕಡಿಮೆ. ಪಕ್ಕದಲ್ಲಿ ಹಿಂದಿನ ಸಮೀಕ್ಷೆಯ (2015–16) ಅಂಕಿ ಬರೆಯಿರಿ: ದೇಶ 26.8%, ಕರ್ನಾಟಕ 21.4%. ಆಗ ವಿಷಯ ಕಣ್ಣಿಗೆ ಬೀಳುತ್ತದೆ. ದೇಶ ಮೂರೂವರೆ ಅಂಶ ಇಳಿಯಿತು, ನಾವು ಇದ್ದಲ್ಲೇ ನಿಂತೆವು. 'ಕರ್ನಾಟಕ ರಾಷ್ಟ್ರೀಯ ಸರಾಸರಿಗಿಂತ ಉತ್ತಮ' ಎನ್ನುವ ವಾಕ್ಯ ಸುಳ್ಳಲ್ಲ, ಆದರೆ ಅದು ಅರ್ಧ ಮಾತ್ರ. ಈ ನಿಲುಗಡೆಯನ್ನು ಉತ್ತರದ ಮೊದಲ ಸಾಲಿನಲ್ಲೇ ಹೇಳುವವರು ಬೇರೆಯಾಗಿ ಕಾಣುತ್ತಾರೆ.

ಅಂಕಿಯ ವ್ಯಾಖ್ಯೆಯನ್ನೂ ಅದರ ಜೊತೆಗೇ ಬರೆದುಕೊಳ್ಳಿ. 21.3% ಎಂದರೆ ಈಗಿನ ಹುಡುಗಿಯರಲ್ಲಿ ಅಷ್ಟು ಮಂದಿಗೆ ಮದುವೆಯಾಗುತ್ತಿದೆ ಎಂದಲ್ಲ. ಸಮೀಕ್ಷೆಯ ಹೊತ್ತಿಗೆ 20ರಿಂದ 24 ವರ್ಷದವರಾಗಿದ್ದ ಮಹಿಳೆಯರಲ್ಲಿ 18 ತುಂಬುವ ಮೊದಲೇ ಮದುವೆಯಾಗಿದ್ದವರ ಪಾಲು ಅದು. ಅಂದರೆ ಸಮೀಕ್ಷೆಗೆ ಕನಿಷ್ಠ ಎರಡು ವರ್ಷ ಹಿಂದೆ, ಬಹುಪಾಲು ಅದಕ್ಕೂ ಮೊದಲು ನಡೆದ ಮದುವೆಗಳು. ಆದ್ದರಿಂದ 'ಕೋವಿಡ್‌ನಲ್ಲಿ ಶಾಲೆ ಮುಚ್ಚಿದ್ದರಿಂದ ಕರ್ನಾಟಕದ ಪ್ರಮಾಣ 21.3%ರಲ್ಲೇ ಉಳಿಯಿತು' ಎಂದು ಬರೆದರೆ ತರ್ಕವೇ ಕುಸಿಯುತ್ತದೆ.

ಅಪರಾಧ ದಾಖಲೆಯ ಅಂಕಿ ಇದಕ್ಕಿಂತ ಜಾರುನೆಲ. 2020ರಲ್ಲಿ ಈ ಕಾಯ್ದೆಯಡಿ ದೇಶದಲ್ಲಿ ದಾಖಲಾದದ್ದು ಕೇವಲ 785 ಪ್ರಕರಣ, ಅದರಲ್ಲಿ 184 ಕರ್ನಾಟಕದವು, ರಾಜ್ಯಗಳಲ್ಲೇ ಹೆಚ್ಚು. ಹಾಗಾದರೆ ಬಾಲ್ಯವಿವಾಹ ಹೆಚ್ಚು ನಡೆಯುವುದು ಇಲ್ಲೇ? ಅಲ್ಲ. ಸಮೀಕ್ಷೆಯಲ್ಲಿ ಪಶ್ಚಿಮ ಬಂಗಾಳದ ಪ್ರಮಾಣ 41.6%, ಬಿಹಾರದ್ದು 40.8%. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ) ಅಂಕಿ ಹೇಳುವುದು ದೂರು ಎಷ್ಟು ದಾಖಲಾಯಿತು ಎಂದು, ಮದುವೆ ಎಷ್ಟು ನಡೆಯಿತು ಎಂದಲ್ಲ. ಪ್ರಕರಣ ಹೆಚ್ಚಿದ್ದರೆ ಅಧಿಕಾರಿಗಳು ಹೆಚ್ಚು ಚುರುಕಾಗಿದ್ದಾರೆ ಎಂದೂ ಅರ್ಥವಾಗಬಹುದು. ಅತ್ಯಾಚಾರ, ವರದಕ್ಷಿಣೆ, ದಲಿತ ದೌರ್ಜನ್ಯ ಯಾವುದೇ ಇರಲಿ, ಈ ಎಚ್ಚರ ಬೇಕು. ಎರಡು ಮೂಲಗಳ ಅಂಕಿಗಳನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದರೆ ಗಡಿಬಿಡಿಯಲ್ಲಿ ಬೆರೆತುಹೋಗುವುದಿಲ್ಲ.

ಕರ್ನಾಟಕದ ಭಾಗ ಈ ಹಾಳೆಯ ಜೀವ. ಕೇಂದ್ರದ ಕಾಯ್ದೆಯಲ್ಲಿ ಬಾಲ್ಯವಿವಾಹ ತಾನಾಗಿ ರದ್ದಾಗುವುದಿಲ್ಲ. ಮದುವೆಯಾದ ಮಗು ವಯಸ್ಕವಾದ ಎರಡು ವರ್ಷದೊಳಗೆ ಕೋರ್ಟಿಗೆ ಹೋಗಿ ರದ್ದು ಕೇಳಬೇಕು. ಕಳ್ಳಸಾಗಣೆ, ಬಲವಂತದಂಥ ಕೆಲವು ಸಂದರ್ಭಗಳಷ್ಟೇ ಇದಕ್ಕೆ ಹೊರತು. ಕರ್ನಾಟಕ ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ 2011ರ ವರದಿಯ ನಂತರ ತಿದ್ದುಪಡಿ ತಂದು, ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದಿತು; 2017ರಿಂದ ಅದು ಜಾರಿಯಲ್ಲಿದೆ. ಕೇಂದ್ರದ್ದು 'ವಾಯ್ಡಬಲ್' (ಕೇಳಿದರೆ ರದ್ದಾಗುವಂಥದ್ದು), ಕರ್ನಾಟಕದ್ದು 'ವಾಯ್ಡ್' (ಮೊದಲಿನಿಂದಲೇ ಅಸಿಂಧು). ಪ್ರಿಲಿಮ್ಸ್‌ನ ಹೇಳಿಕೆ ಮಾದರಿಯ ಪ್ರಶ್ನೆಗೆ ಹೇಳಿ ಮಾಡಿಸಿದಂಥ ವ್ಯತ್ಯಾಸ ಇದು.

ತೀರ್ಪುಗಳಲ್ಲಿ ಎರಡು ಸಾಕು. 2017ರ ಅಕ್ಟೋಬರ್ 11ರ ಇಂಡಿಪೆಂಡೆಂಟ್ ಥಾಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 18ರೊಳಗಿನ ಹೆಂಡತಿಯೊಂದಿಗಿನ ಲೈಂಗಿಕ ಸಂಪರ್ಕ ಅತ್ಯಾಚಾರವೇ ಎಂದಿತು. ಆಗ ಐಪಿಸಿ (ಭಾರತೀಯ ದಂಡ ಸಂಹಿತೆ) 375ರಲ್ಲಿ ಗಂಡನಿಗಿದ್ದ ವಿನಾಯಿತಿಯಲ್ಲಿ ಹೆಂಡತಿಯ ವಯಸ್ಸು ಇದ್ದದ್ದು 15 ವರ್ಷ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಿ 18 ಎಂದೇ ಇದೆ. ಹಳೆಯ ಕೋಚಿಂಗ್ ನೋಟ್ಸ್ ಜೆರಾಕ್ಸ್ ಓದುವವರು ಈಗಲೂ ಐಪಿಸಿ ಕಲಮನ್ನೇ ಬರೆಯುತ್ತಾರೆ. ಹಳೆಯ ಹಾಳೆಗಳಲ್ಲಿರುವ ಎಲ್ಲ ಐಪಿಸಿ ಸಂಖ್ಯೆಗಳನ್ನು ಒಂದು ಭಾನುವಾರ ಕೂತು ತಿದ್ದಿಬಿಡಿ. ಎರಡನೆಯದು 2024ರ ಅಕ್ಟೋಬರ್ 18ರ ತೀರ್ಪು. ಅದು ಶಿಕ್ಷೆಗಿಂತ ತಡೆಗೆ ಒತ್ತು ಕೊಟ್ಟು, ಕಾಯ್ದೆಯ ಜಾರಿಗೆ ವಿವರವಾದ ಮಾರ್ಗಸೂಚಿ ನೀಡಿತು.

ಕಾರಣಗಳ ಬಗ್ಗೆ ಹೆಚ್ಚು ಬೇಡ: ಬಡತನ, ಪ್ರೌಢಶಾಲೆಯ ನಂತರ ದೂರವಾಗುವ ಕಾಲೇಜು, ವಲಸೆ ಹೋಗುವ ಕುಟುಂಬದ ಭಯ, ವರದಕ್ಷಿಣೆಯ ಲೆಕ್ಕ, ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವ ರೂಢಿ. ಪ್ರತಿ ಕಾರಣದ ಎದುರಿಗೆ ಅದನ್ನು ಮುಟ್ಟುವ ಒಂದು ಕ್ರಮ ಬರೆಯಿರಿ, ಹಾಸ್ಟೆಲ್, ಬಸ್ ಪಾಸ್, 1098 ಸಹಾಯವಾಣಿ ಹೀಗೆ. 'ಜಾಗೃತಿ ಮೂಡಿಸಬೇಕು' ಎಂಬ ವಾಕ್ಯವನ್ನು ಯಾರು ಬೇಕಾದರೂ ಬರೆಯಬಲ್ಲರು, ಅದಕ್ಕೆ ಅಂಕ ಹುಟ್ಟುವುದಿಲ್ಲ.

ಕನ್ನಡ ಮಾಧ್ಯಮದವರಿಗೆ ಮುಖ್ಯವಾದ ಮಾತು ಇನ್ನೊಂದಿದೆ. 2024ರ ಆಗಸ್ಟ್ 27ರ ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಮಾಡಬೇಕಾಯಿತು, ಅದರ ಅನುವಾದದ ಬಗ್ಗೆಯೂ ದೂರುಗಳು ಎದ್ದವು. ಕನ್ನಡದಲ್ಲೇ ಓದಿ ಬರೆಯುವ ಅಭ್ಯರ್ಥಿಗೆ ಇದು ಘೋರ ಅನ್ಯಾಯ. ಆದರೆ ಪರೀಕ್ಷಾ ಕೊಠಡಿಯಲ್ಲಿ ಆ ಕ್ಷಣಕ್ಕೆ ಬೇಕಾದದ್ದು ಉಪಾಯ. ಪ್ರತಿ ಹಾಳೆಯ ಬಲ ಅಂಚಿನಲ್ಲಿ ಆ ವಿಷಯದ ಹತ್ತು ಪಾರಿಭಾಷಿಕ ಪದಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದಿಡಿ. ಕನ್ನಡದ ಪ್ರಶ್ನೆ ಅರ್ಥವಾಗದಿದ್ದರೆ ಇಂಗ್ಲಿಷ್ ಆವೃತ್ತಿಗೆ ಕಣ್ಣು ಹಾಯಿಸಿ. ಹೇಳಿಕೆಯಲ್ಲಿ 'ಮಾತ್ರ', 'ಅಲ್ಲ' ಎಂಬ ಪದ ಇದ್ದರಂತೂ ಎರಡನ್ನೂ ಓದಲೇಬೇಕು.

ದಿನದ ವೇಳೆ: ಪತ್ರಿಕೆಗೆ 50 ನಿಮಿಷ, ಹಾಳೆಗೆ ಸೇರಿಸಲು 20. ರಾಜಕೀಯ ಹೇಳಿಕೆ, ಅಪರಾಧ ಸುದ್ದಿ, ಕ್ರಿಕೆಟ್ ಬಿಡಿ. ಒಂದು ಸುದ್ದಿ ಯಾವ ಹಾಳೆಗೂ ಸೇರದಿದ್ದರೆ ಒಂದು ವಾರ ಬದಿಗಿಡಿ. ಮತ್ತೆ ಬಂದರೆ ಹೊಸ ಹಾಳೆ, ಬಾರದಿದ್ದರೆ ಬಿಟ್ಟುಬಿಡಿ. ರಾಜ್ಯದ ಭಾಗಕ್ಕೆ ಬಜೆಟ್ ಭಾಷಣ ಮತ್ತು ಆರ್ಥಿಕ ಸಮೀಕ್ಷೆಯನ್ನು ಮೂಲದಲ್ಲೇ ಓದಿ. ಅವುಗಳ ಸಾರಾಂಶದ ಪಿಡಿಎಫ್‌ಗಳಲ್ಲಿ ಘೋಷಣೆ, ಹಂಚಿಕೆ, ನಿಜವಾದ ಖರ್ಚು ಮೂರೂ ಕಲಸಿಹೋಗಿರುತ್ತವೆ.

ಬರೆಯುವ ಅಭ್ಯಾಸವೂ ಇದೇ ಹಾಳೆಯಿಂದಲೇ. ಯುಪಿಎಸ್‌ಸಿ ಮೇನ್ಸ್‌ನ ಮೊದಲ ಮೂರು ಜಿಎಸ್ ಪತ್ರಿಕೆಗಳಲ್ಲಿ ಮೂರು ಗಂಟೆಗೆ 20 ಪ್ರಶ್ನೆ: 10 ಅಂಕದ್ದಕ್ಕೆ 150 ಪದ, 7 ನಿಮಿಷ, 15 ಅಂಕದ್ದಕ್ಕೆ 250 ಪದ, 11 ನಿಮಿಷ. ಕೆಎಎಸ್ ಪ್ರಬಂಧ ಪತ್ರಿಕೆಯ ಎರಡನೇ ಪ್ರಬಂಧ ರಾಜ್ಯದ ಅಥವಾ ಸ್ಥಳೀಯ ಮಹತ್ವದ್ದು, 125 ಅಂಕ. ಕರ್ನಾಟಕದ ಭಾಗ ಅಲ್ಲಿಗೆ ನೇರವಾಗಿ ಒದಗುತ್ತದೆ. ವಾರಕ್ಕೆ ಮೂರು ಹಾಳೆ ಆರಿಸಿ, ನೋಡದೆ ಒಂದೊಂದು ಉತ್ತರ ಬರೆದು, ಆಮೇಲೆ ಹಾಳೆ ಪಕ್ಕಕ್ಕಿಟ್ಟು ಬಿಟ್ಟುಹೋದದ್ದಕ್ಕೆ ಕೆಂಪು ಗುರುತು ಹಾಕಿ. ಪರೀಕ್ಷೆಗೆ 15 ದಿನ ಇರುವಾಗ ಹೊಸ ಹಾಳೆ ನಿಲ್ಲಿಸಿ, ಆ ಕೆಂಪು ಗುರುತುಗಳನ್ನಷ್ಟೇ ಓದಿ.