ಒಂದು ಬೋರ್ಡು, ಮೂರು ಕ್ಲಾಸು

ಇವತ್ತು ಮೂರನೇ ಕ್ಲಾಸಿಗೆ ಭಾಗಾಕಾರ. 17ನ್ನು 5ರಿಂದ ಭಾಗಿಸಿದರೆ ಉಳಿಯೋದೆಷ್ಟು ಅಂತ ಕೇಳಿದೆ. ಒಬ್ಬರೂ ಬಾಯಿ ಬಿಡಲಿಲ್ಲ. "ಎರಡು ಮಿಸ್!" ಅಂತ ಕೂಗಿದ್ದು ಒಂದನೇ ಕ್ಲಾಸಿನ ಹುಡುಗಿ. ಅವಳಿಗೆ ಸುಮ್ನೆ ಕಲ್ಲು ಎಣಿಸೋಕೆ ಕೊಟ್ಟು ಕೂರಿಸಿದ್ದೆ. ಕೈ ಕಲ್ಲಿನ ಮೇಲೆ, ಕಿವಿ ನನ್ನ ಕಡೆ.

ನಮ್ಮದು ಒಂದೇ ಕೋಣೆ, ಒಂದೇ ಬೋರ್ಡು. ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದರೆ ಮೂರು ಕ್ಲಾಸು ರೆಡಿ. ಒಂದು ಕ್ಲಾಸಿಗೆ ಪಾಠ ಮಾಡುವಾಗ ಉಳಿದೆರಡಕ್ಕೆ ಕೈತುಂಬ ಕೆಲಸ ಇರಬೇಕು. ಅದು ಬೇಗ ಮುಗಿಯಿತೋ, ರಬ್ಬರಿಗಾಗಿ ಜಗಳ ಶುರು. ನಿಜ ಹೇಳಬೇಕೆಂದರೆ ಪಾಠ ಮಾಡೋದಕ್ಕಿಂತ ಆ ಕೆಲಸ ಹುಡುಕೋದೇ ಜಾಸ್ತಿ ಕಷ್ಟ. (ಸಿಲಬಸ್ ಬರೆಯುವವರಿಗೆ ಒಂದು ವಾರ ಈ ಕೋಣೆ ಬಿಟ್ಟುಕೊಡಲು ನಾನು ತಯಾರು.)

ಕೊಲಂಬಿಯಾದ ಹಳ್ಳಿ ಶಾಲೆಗಳಲ್ಲಿ 1970ರ ದಶಕದಲ್ಲೇ ಇದಕ್ಕೊಂದು ದಾರಿ ಮಾಡಿಕೊಂಡಿದ್ದರು. ಹೆಸರು 'ಎಸ್ಕ್ವೇಲಾ ನುವೆವಾ', ಅಂದರೆ ಹೊಸ ಶಾಲೆ. ಮಕ್ಕಳೇ ಓದಿ ಮಾಡಿಕೊಂಡು ಹೋಗುವ ಪುಸ್ತಕಗಳು, ಸಣ್ಣ ಗುಂಪುಗಳು, ಅವರವರ ವೇಗ. ಟೀಚರ್ ಗುಂಪಿಂದ ಗುಂಪಿಗೆ ಓಡಾಡಿಕೊಂಡಿದ್ದರೆ ಆಯಿತು. ಚೆನ್ನಾಗಿದೆ, ಅಲ್ವಾ? ಆದರೆ ಇನ್ನೂ ಅಕ್ಷರವೇ ಬಾರದ ಒಂದನೇ ಕ್ಲಾಸಿನ ಪಕ್ಕ ಮಾತ್ರ ನಾವೇ ಕೂರಬೇಕು.

ಉತ್ತರ ಕಳೆದುಕೊಂಡ ಮೂರನೇ ಕ್ಲಾಸಿನವನಿಗೆ ಸಿಟ್ಟು. "ನೀನು ನಿನ್ನ ಕಲ್ಲು ನೋಡ್ಕೋ" ಅಂದ. ಅವಳ ಮುಂದೆ ಐದೈದರ ಮೂರು ಗುಡ್ಡೆ ಇದ್ದವು. ಮಿಕ್ಕ ಎರಡು ಕಲ್ಲನ್ನು ಎತ್ತಿ ಅವನ ಮುಖಕ್ಕೆ ಹಿಡಿದಳು.