ಅಕ್ಷರಗಳಲ್ಲಿ ಬರೆದ ಸಂಗೀತವನ್ನು ಓದಿಸಿದ ಗುರುಗಳು

ಹದಿನೇಳನೇ ಶತಮಾನದ ಆರ್ಗನ್ ವಾದಕ, ಸಂಯೋಜಕ ಬುಕ್ಸ್‌ಟೆಹೂಡೆಯ ಆರ್ಗನ್ ಪ್ರೆಲ್ಯೂಡ್‌ (ಆರ್ಗನ್‌ಗೆಂದೇ ಬರೆದ ಒಂದು ಬಗೆಯ ಕೃತಿ)ಗಳ ಸ್ವಂತ ಕೈಬರಹದ ಪ್ರತಿ ಒಂದೂ ಉಳಿದಿಲ್ಲ. ಸಿಕ್ಕಿರುವುದೆಲ್ಲ ಬೇರೆಯವರು ಮಾಡಿಕೊಂಡ ನಕಲು, ಅದರಲ್ಲೂ ಹೆಚ್ಚಿನವು ಐದು ಗೆರೆಗಳ ಮೇಲೆ ಸ್ವರ ಗುರುತಿಸುವ ಪಾಶ್ಚಾತ್ಯ ಲಿಪಿಯಲ್ಲಿ. ಆದರೆ ಉತ್ತರ ಜರ್ಮನಿಯ ಆರ್ಗನ್ ವಾದಕರು ಬರೆಯುತ್ತಿದ್ದದ್ದು ಟ್ಯಾಬ್ಲೇಚರ್‌ನಲ್ಲಿ, ಅಂದರೆ ಗೆರೆಗಳಿಲ್ಲದೆ ಬರೀ ಅಕ್ಷರಗಳಲ್ಲಿ. ಅಲ್ಲಿಂದ ಇಲ್ಲಿಗೆ ಇಳಿಸುವಾಗ ನುಸುಳಿದ ತಪ್ಪುಗಳನ್ನು ಪತ್ತೆಹಚ್ಚುವುದೇ ನಮ್ಮ ಪ್ರಾಧ್ಯಾಪಕರ ಜೀವಮಾನದ ಕೆಲಸವಾಗಿತ್ತು.

ತರಗತಿಯಲ್ಲಿ ಅವರು ಹಾಕಿಕೊಟ್ಟ ಕ್ರಮ ಬಲು ಕಟ್ಟುನಿಟ್ಟು. ಮೊದಲು ಕಾಲಮಾನದ ಚಿಹ್ನೆಗಳನ್ನಷ್ಟೇ ಬರೆದುಕೊಳ್ಳಬೇಕು: ನೆಟ್ಟಗಿನ ಗೀಟಿಗೆ ಒಂದು ಬಾಲವಿದ್ದರೆ ಅರ್ಧ ಸ್ವರ, ಎರಡಿದ್ದರೆ ಕಾಲು, ಮೂರಿದ್ದರೆ ಎಂಟನೇ ಒಂದು. ಒಂದು ಬಾಲ ಕಣ್ತಪ್ಪಿದರೂ ಆ ಧ್ವನಿ (ಒಟ್ಟಿಗೆ ಸಾಗುವ ಹಲವು ಸ್ವರಸಾಲುಗಳಲ್ಲಿ ಒಂದು) ಮುಂದಿನ ಭಾಗವಿಡೀ ಉಳಿದ ಧ್ವನಿಗಳಿಗೆ ಹೊಂದದೆ ಜಾರುತ್ತದೆ. ಆಮೇಲೆ ಅಕ್ಷರಗಳು. ಸ್ಥಾಯಿ ಕೊನೆಗೆ. ನಮ್ಮ ಸ್ವರಲಿಪಿಯಲ್ಲಿ ತಾರಸ್ಥಾಯಿಗೆ ಮೇಲೆ ಚುಕ್ಕಿ ಇಡುವಂತೆ ಅಲ್ಲಿ ಅಕ್ಷರದ ಮೇಲೆ ಅಡ್ಡಗೆರೆ ಎಳೆಯುತ್ತಾರೆ. ಶಾಯಿ ಮಾಸಿ ಗೆರೆ ಅಳಿಸಿಹೋದರೆ ಸ್ವರ ಒಂದು ಸ್ಥಾಯಿ ಕೆಳಕ್ಕೆ ಬೀಳುತ್ತದೆ. ಸಾಲದ್ದಕ್ಕೆ ಕೆಲವು ಲಿಪಿಕಾರರು ಹೊಸ ಸ್ಥಾಯಿಯನ್ನು ‘ಸಿ’ಯಿಂದಲ್ಲ, ಅದಕ್ಕೂ ಅರ್ಧ ಸ್ವರಾಂತರ ಕೆಳಗಿನ ‘ಹಾ’ದಿಂದ (ಇಂಗ್ಲಿಷಿನಲ್ಲಿ ‘ಬಿ’) ಶುರುಮಾಡುತ್ತಿದ್ದರು. ‘ಎಸ್’ (ಇ ಫ್ಲ್ಯಾಟ್) ಸ್ವರವನ್ನೂ ‘ಡಿಸ್’ (ಡಿ ಶಾರ್ಪ್) ಎಂದೇ ಬರೆಯುತ್ತಿದ್ದ ಕಾಲವದು. ನಕಲುಗಾರ ಅದನ್ನು ಹಾಗೆಯೇ ಇಳಿಸಿದರೆ ಸಿ ಮೈನರ್‌ನ ನಡುವೆ ವಿಚಿತ್ರವಾದೊಂದು ಡಿ ಶಾರ್ಪ್ ಕಾಣಿಸಿಕೊಳ್ಳುತ್ತದೆ.

2006ರಲ್ಲಿ ಜರ್ಮನಿಯ ವೈಮಾರ್‌ನ ಆನಾ ಅಮಾಲಿಯಾ ಗ್ರಂಥಾಲಯದ ಹಾಳೆಗಳ ಸುದ್ದಿ ಹೊರಬಿತ್ತು. ಅವನ್ನು ಗುರುತಿಸಿದವರು ಸಂಗೀತ ಸಂಶೋಧಕರಾದ ಮಿಶಾಯೆಲ್ ಮಾಲ್ ಮತ್ತು ಪೀಟರ್ ವೊಲ್ನಿ. ಮುಂದೆ ಹೆಸರಾಂತ ಸಂಯೋಜಕನಾದ ಬಾಖ್ ಹದಿಹರೆಯದಲ್ಲಿ ಟ್ಯಾಬ್ಲೇಚರ್‌ನಲ್ಲೇ ಇಳಿಸಿಕೊಂಡ ಬುಕ್ಸ್‌ಟೆಹೂಡೆ ಮತ್ತು ಹ್ಯಾಂಬರ್ಗ್‌ನ ಆರ್ಗನ್ ವಾದಕ ರೈಂಕೆನ್ ಕೃತಿಗಳು ಅವು. ರೈಂಕೆನ್ ಕೃತಿಯ ಕೊನೆಯಲ್ಲಿ ಆರ್ಗನ್ ವಾದಕ ಗೇಯೋರ್ಗ್ ಬ್ಯೋಮ್ ಹೆಸರು, ಲ್ಯೂನೆಬುರ್ಗ್ ಊರು, 1700ನೇ ಇಸವಿ ಸ್ಪಷ್ಟವಾಗಿವೆ. ಬಾಖ್ ಈ ಲಿಪಿಯನ್ನು ಮುಂದೆಯೂ ಬಿಡಲಿಲ್ಲ. ಬಾಖ್‌ನ ಆರ್ಗನ್ ಕೃತಿಗಳ ಸಂಗ್ರಹವಾದ ‘ಓರ್ಗೆಲ್‌ಬ್ಯೂಶ್ಲೈನ್’ ಹಸ್ತಪ್ರತಿಯಲ್ಲಿ ಪುಟ ಸಾಲದೆ ಹೋದ ಕಡೆ ಕೃತಿಯ ಕೊನೆಯನ್ನು ಅಕ್ಷರಗಳಲ್ಲಿ ಒತ್ತಿ ಬರೆದದ್ದಿದೆ. ಈ ಲಿಪಿಗೆ ಅಷ್ಟು ಕಡಿಮೆ ಜಾಗ ಸಾಕು.

ಗುರುಗಳು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಪೆಡಲ್, ಅಂದರೆ ಕಾಲಿನಿಂದ ನುಡಿಸುವ ಕೀಲಿಗಳ ವಿಷಯಕ್ಕೆ. ಟ್ಯಾಬ್ಲೇಚರ್‌ನಲ್ಲಿ ಧ್ವನಿಗಳು ಒಂದರ ಕೆಳಗೊಂದು ಬೇರೆಬೇರೆ ಸಾಲಿನಲ್ಲಿರುತ್ತವೆ. ಅದನ್ನೇ ಐದು ಗೆರೆಯ ಎರಡು ಸಾಲಿಗೆ ತುಂಬಿದಾಗ ಎಡಗೈ ಯಾವುದು, ಕಾಲು ಯಾವುದು ತಿಳಿಯುವುದಿಲ್ಲ. ಅಂಥ ಕಡೆ ಮೂರನೆಯ ಸಾಲು ಸೇರಿಸಿ ಅಚ್ಚು ಹಾಕುವುದನ್ನು ಅವರು ಒಪ್ಪುತ್ತಿರಲಿಲ್ಲ. ನಕಲಿನಲ್ಲಿರುವಂತೆ ಎರಡೇ ಸಾಲು ಇಟ್ಟು, ಪೆಡಲ್ ಎಲ್ಲಿ ಬರಬಹುದೆಂಬ ಊಹೆಯನ್ನು ಟಿಪ್ಪಣಿಯಲ್ಲಿ ಕಾರಣಸಮೇತ ಬರೆಯಿಸುತ್ತಿದ್ದರು.