ಕಂಠೀರವ, 87ನೇ ನಿಮಿಷ ಮತ್ತು ಎರಡು ಅಂಕಗಳ ಲೆಕ್ಕ

31 ಮೇ 2025, ಶನಿವಾರ

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೋಲ್ಕತಾದ ಮೋಹನ್ ಬಾಗಾನ್ ಆಡಿದ ಆ ಮಳೆಯ ಫುಟ್‌ಬಾಲ್ ಪಂದ್ಯಕ್ಕೆ ಇವತ್ತಿಗೆ ಸರಿಯಾಗಿ ಹತ್ತು ವರ್ಷ. ಬಾಗಾನ್‌ನ ಸೋನಿ ನಾರ್ಡೆಯ ಕಾರ್ನರ್, ಅದೇ ತಂಡದ ಬೆಲ್ಲೊ ರಜಾಕ್‌ನ ಹೆಡರ್, 1-1. ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನ ಕಪ್ ಕೋಲ್ಕತಾಕ್ಕೆ ಹೋಯಿತು. 2014-15ರ ಋತು ಅಂದರೆ ಬೆಂಗಳೂರಿನ ಅಭಿಮಾನಿಗಳಿಗೆ ಈಗಲೂ ಆ 87ನೇ ನಿಮಿಷವೇ. ಆದರೆ ಅಂಕಪಟ್ಟಿಯನ್ನು ಹರವಿಕೊಂಡು ಕೂತರೆ ಕಪ್ ಕೈಜಾರಿದ್ದು ಆ ಕಾರ್ನರ್‌ನಲ್ಲಿ ಮಾತ್ರ ಅಲ್ಲ ಅನ್ನಿಸುತ್ತದೆ.

ಮೊದಲು ಚೌಕಟ್ಟು. ಆ ವರ್ಷ ಇದ್ದದ್ದು 11 ತಂಡ. ತವರಿನಲ್ಲೊಂದು, ಹೊರಗೊಂದು ಎಂದರೆ ತಂಡಕ್ಕೆ 20 ಪಂದ್ಯ, ಒಟ್ಟು 110. ತಂಡಗಳ ಸಂಖ್ಯೆ ಬೆಸ ಆದಾಗ ವೇಳಾಪಟ್ಟಿ ಹಾಕುವವರು ಹನ್ನೆರಡನೆಯದಾಗಿ ಒಂದು ಖಾಲಿ ಕುರ್ಚಿ ಇಟ್ಟುಕೊಳ್ಳುತ್ತಾರೆ. ಒಂದು ತಂಡವನ್ನು ಕದಲಿಸದೆ ಉಳಿದ ಹನ್ನೊಂದನ್ನು ಗಡಿಯಾರದ ಮುಳ್ಳಿನಂತೆ ಒಂದೊಂದೇ ಮನೆ ತಿರುಗಿಸುತ್ತಾ ಹೋದರೆ 11 ಸುತ್ತುಗಳಲ್ಲಿ ಎಲ್ಲರಿಗೂ ಎಲ್ಲರೂ ಎದುರಾಗುತ್ತಾರೆ. ಖಾಲಿ ಕುರ್ಚಿಯ ಎದುರು ಬಂದವರಿಗೆ ಆ ಸುತ್ತಿನಲ್ಲಿ ಆಟವಿಲ್ಲ. ತವರು-ಹೊರಗು ಅದಲುಬದಲು ಮಾಡಿ ಇನ್ನೊಮ್ಮೆ ತಿರುಗಿಸಿದರೆ 22 ಸುತ್ತು. ಇದೆಲ್ಲ ಕಾಗದದ ಮೇಲೆ ಚೆಂದ. ಟಿವಿ, ಮೈದಾನದ ಲಭ್ಯತೆ, ಏಷ್ಯಾದ ಟೂರ್ನಿಗಳು ನಡುವೆ ಬಂದ ಕೂಡಲೇ ಸುತ್ತುಗಳು ಚೆದುರುತ್ತವೆ. ಹಾಗಾಗಿ ಇಂಥ ಲೀಗ್‌ನಲ್ಲಿ ಋತುವಿನ ನಡುವೆ ಅಂಕಗಳ ಕಾಲಮನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಪಕ್ಕದಲ್ಲಿ ಇನ್ನೆರಡು ಕಾಲಂ ಎಳೆದುಕೊಳ್ಳಬೇಕು: ಪಂದ್ಯಕ್ಕೆ ಸರಾಸರಿ ಅಂಕ, ಮತ್ತು ಮುಟ್ಟಬಹುದಾದ ಗರಿಷ್ಠ ಅಂಕ, ಅಂದರೆ ಈಗಿನ ಅಂಕಕ್ಕೆ ಬಾಕಿ ಪಂದ್ಯಗಳ ಮೂರರಷ್ಟನ್ನು (ಗೆಲುವಿಗೆ ಮೂರು ಅಂಕ) ಕೂಡಿದ್ದು. ನಿಮ್ಮ ಅಂಕ ಉಳಿದೆಲ್ಲರ ಗರಿಷ್ಠವನ್ನು ದಾಟಿದ ದಿನ ನೀವು ಚಾಂಪಿಯನ್. ಆ ಋತುವಿನಲ್ಲಿ ಅಂಥ ದಿನ ಕೊನೆಯ ಪಂದ್ಯದವರೆಗೂ ಬರಲಿಲ್ಲ.

ಮೇ 31ರ ಬೆಳಿಗ್ಗೆ ಮೋಹನ್ ಬಾಗಾನ್ 38, ಬೆಂಗಳೂರು 36. ಪರಸ್ಪರ ಫಲಿತಾಂಶ, ಗೋಲು ವ್ಯತ್ಯಾಸ ಅಂತ ಅಂದು ತಲೆ ಕೆಡಿಸಿಕೊಂಡಿದ್ದರೆ ಅದು ದಂಡ. ಮೊದಲ ಎರಡು ತಂಡಗಳೇ ಎದುರುಬದುರಾದಾಗ ಅಂತರ ಮೂರು ಅಂಕ ಹಿಗ್ಗಬಹುದು, ಮೂರು ಅಂಕ ಕುಗ್ಗಬಹುದು, ಇಲ್ಲವೇ ಇದ್ದಲ್ಲೇ ಇರಬಹುದು. ಅಂತರ ಎರಡಿದ್ದಾಗ ಕೊನೆಗೆ ಇಬ್ಬರ ಅಂಕವೂ ಸಮ ಆಗುವುದು ಸಾಧ್ಯವೇ ಇಲ್ಲ. ಬೆಂಗಳೂರು ಗೆದ್ದರೆ 39-38, ಬೇರೇನಾದರೂ ಕಪ್ ಬಾಗಾನ್‌ಗೆ. 41ನೇ ನಿಮಿಷದಲ್ಲಿ ಬೆಂಗಳೂರಿನ ಜಾನ್ ಜಾನ್ಸನ್ ಗೋಲು ಹೊಡೆದಾಗ ಪಟ್ಟಿ ತಿರುಗಿತು. 46 ನಿಮಿಷ ಹಾಗೇ ಇತ್ತು.

ಒಂದು ಗೋಲಿನ ಮುನ್ನಡೆಯನ್ನು ಕಾಯುವ ತಂಡ ತಾನಾಗಿಯೇ ಹಿಂದೆ ಸರಿಯುತ್ತದೆ. ಹಿಂದೆ ಸರಿದಷ್ಟೂ ಎದುರಾಳಿಗೆ ಸಿಗುವ ಕಾರ್ನರ್, ಫ್ರೀಕಿಕ್‌ಗಳು ಹೆಚ್ಚುತ್ತವೆ. ಒದ್ದೆ ಚೆಂಡು ಗೋಲ್‌ಕೀಪರ್‌ನ ಗ್ಲೌಸ್‌ನಲ್ಲಿ ನಿಲ್ಲುವುದಿಲ್ಲ. ಆತ ಗೋಲಿನ ಗೆರೆ ಬಿಟ್ಟು ಮುಂದೆ ಬರಲು ಅರೆಕ್ಷಣ ತಡೆದರೂ ಸಾಕು, ಮೇಲೇರಿ ಬಂದ ಸೆಂಟರ್‌ಬ್ಯಾಕ್‌ಗೆ ಜಾಗ ಸಿಕ್ಕಿಬಿಡುತ್ತದೆ. ಕಾರ್ನರ್ ಕಾಯುವವರು ಇದಕ್ಕೇ ಎತ್ತರದ ಒಬ್ಬನನ್ನು ಹತ್ತಿರದ ಕಂಬದ ಮುಂದೆ ನಿಲ್ಲಿಸಿ, ಹೆಡರ್‌ನಲ್ಲಿ ಪಳಗಿದ ಎದುರಾಳಿಯ ಬೆನ್ನಿಗೆ ಇನ್ನೊಬ್ಬನನ್ನು ಬಿಡುವುದು. ಬೆಲ್ಲೊ ಡಿಫೆಂಡರ್. ತೊಂಬತ್ತು ನಿಮಿಷದಲ್ಲಿ ಆತ ಎದುರಾಳಿಯ ಪೆನಾಲ್ಟಿ ಬಾಕ್ಸ್‌ಗೆ ಬರುವುದೇ ಇಂಥ ಕೆಲವು ಗಳಿಗೆಗಳಲ್ಲಿ.

ಈಗ ಹಿಂದಿನ ವರ್ಷದ ಲೆಕ್ಕ ಪಕ್ಕಕ್ಕಿಡೋಣ. 2013-14ರಲ್ಲಿ, ಹುಟ್ಟಿದ ವರ್ಷವೇ ಬೆಂಗಳೂರು ಚಾಂಪಿಯನ್ ಆದಾಗ 13 ತಂಡ, 24 ಪಂದ್ಯ, 47 ಅಂಕ. ಪಂದ್ಯಕ್ಕೆ 1.96. ಬಾಗಾನ್ 2014-15ರಲ್ಲಿ ಗೆದ್ದದ್ದು 20 ಪಂದ್ಯಕ್ಕೆ 39, ಅಂದರೆ 1.95. ಕಪ್‌ನ ಬೆಲೆ ಏರಿರಲೇ ಇಲ್ಲ! ಹಳೆಯ ವೇಗವನ್ನೇ ಉಳಿಸಿಕೊಂಡಿದ್ದರೆ ಬೆಂಗಳೂರಿಗೂ 39 ಬರುತ್ತಿತ್ತು. ಬಂದದ್ದು 37, ಪಂದ್ಯಕ್ಕೆ 1.85.

ಆ 0.1 ಎಲ್ಲಿ ಸೋರಿತು? ನನ್ನ ಬೆರಳು ಹೋಗುವುದು ಕ್ಯಾಲೆಂಡರ್ ಕಡೆಗೆ. ಜನವರಿ 11ಕ್ಕೆ ಗೋವಾದಲ್ಲಿ ಫೆಡರೇಷನ್ ಕಪ್ ಫೈನಲ್, ಡೆಂಪೊ ವಿರುದ್ಧ 2-1 ಗೆಲುವು. 17ಕ್ಕೆ ಲೀಗ್ ಶುರು. ಫೆಬ್ರುವರಿ ಮೊದಲ ವಾರ ಏಷ್ಯನ್ ಚಾಂಪಿಯನ್ಸ್ ಲೀಗ್ ಅರ್ಹತೆಗಾಗಿ ಮಲೇಷ್ಯಾದಲ್ಲಿ ಜೊಹೊರ್ ವಿರುದ್ಧ ಹೆಚ್ಚುವರಿ ಸಮಯದ ಸೋಲು. ಅಲ್ಲಿಂದ ಏಷ್ಯಾದ ಎರಡನೇ ದರ್ಜೆಯ ಕ್ಲಬ್ ಟೂರ್ನಿಯಾದ ಎಎಫ್‌ಸಿ ಕಪ್‌ನ ಆರು ಗುಂಪು ಪಂದ್ಯಗಳು: ಮಾಲ್ಡೀವ್ಸ್‌ನ ಮಜಿಯಾ, ಸಿಂಗಪುರದ ವಾರಿಯರ್ಸ್, ಇಂಡೋನೇಷ್ಯಾದ ಪರ್ಸಿಪುರ. ಈ ಪರ್ಸಿಪುರದ ಊರು ಜಯಪುರ ನಮ್ಮ ರಾಜಸ್ಥಾನದ್ದಲ್ಲ, ಪಪುವಾದ್ದು, ಇಂಡೋನೇಷ್ಯಾದ ಪೂರ್ವದ ತುತ್ತತುದಿ. ಮೇ ಕೊನೆಯ ವಾರ, ಬಾಗಾನ್ ಪಂದ್ಯಕ್ಕೆ ಕೆಲವೇ ದಿನ ಮೊದಲು, ಅದೇ ಕಪ್‌ನ ಕೊನೆಯ 16 ತಂಡಗಳ ಘಟ್ಟದಲ್ಲಿ ಹಾಂಗ್‌ಕಾಂಗ್‌ನ ಸೌತ್ ಚೈನಾ ಎದುರು 0-2 ಸೋಲು.

ಫೆಡರೇಷನ್ ಕಪ್ ಬಿಟ್ಟು ಕೂಡಿದರೆ 20 + 1 + 6 + 1, ಒಟ್ಟು 28 ಪಂದ್ಯ, 134 ದಿನಗಳಲ್ಲಿ. ಸರಾಸರಿ 4.8 ದಿನಕ್ಕೊಂದು. ಬಾಗಾನ್‌ಗೆ ಏಷ್ಯಾದ ಹೊರೆ ಇರಲಿಲ್ಲ. ಅದಕ್ಕೆ ಅಷ್ಟೇ ದಿನಗಳಲ್ಲಿ 20 ಪಂದ್ಯ, 6.7 ದಿನಕ್ಕೊಂದು. ಈ ಎರಡು ದಿನದ ಅಂತರ ಚಿಕ್ಕದಲ್ಲ. ಪಂದ್ಯದ ಮರುದಿನ ಬರೀ ಚೇತರಿಕೆ, ಇನ್ನೊಂದು ದಿನ ಪ್ರಯಾಣ, ಎದುರಿನ ಪಂದ್ಯದ ಹಿಂದಿನ ದಿನ ಹಗುರ ಅಭ್ಯಾಸ. 4.8ರಲ್ಲಿ ಇವನ್ನೆಲ್ಲ ಕಳೆದರೆ ಕಾರ್ನರ್ ಕಾಯುವುದನ್ನೋ ಪ್ರೆಸ್ಸಿಂಗನ್ನೋ ಗಟ್ಟಿಯಾಗಿ ತಾಲೀಮು ಮಾಡಿಸಲು ಸಿಗುವುದು ಹೆಚ್ಚೆಂದರೆ ಒಂದು ದಿನ. 6.7 ಇದ್ದರೆ ಮೂರು. ಜೊತೆಗೆ ವಿದೇಶಿಯರ ಮಿತಿ ನಾಲ್ಕೇ, ಅದರಲ್ಲೂ ಒಬ್ಬ ಏಷ್ಯಾದವನು. ಬಾಗಾನ್‌ನಲ್ಲಿ ನಾರ್ಡೆ, ಬೋಯಾ, ಬೆಲ್ಲೊ ಮತ್ತು ಜಪಾನಿನ ಕತ್ಸುಮಿ. ಇಂಥ ನಾಲ್ವರಲ್ಲಿ ಒಬ್ಬ ದಣಿದರೂ ಬದಲಿಗೆ ಅದೇ ತೂಕದ ಆಟಗಾರನನ್ನು ಇಳಿಸುವುದು ಕಷ್ಟ. ಬಾಗಾನ್ ಕೋಚ್ ಸಂಜಯ್ ಸೇನ್ ತಂಡವನ್ನು ಚೆನ್ನಾಗಿಯೇ ನಡೆಸಿದರು, ಅದರಲ್ಲಿ ಎರಡು ಮಾತಿಲ್ಲ. 2001-02ರ ನಂತರ ಬಾಗಾನ್‌ಗೆ ಅದು ಮೊದಲ ರಾಷ್ಟ್ರೀಯ ಲೀಗ್ ಪ್ರಶಸ್ತಿ.

ಪಟ್ಟಿಯ ಉಳಿದ ಭಾಗದ ಬಗ್ಗೆ ಎರಡು ಮಾತು. ಅತಿ ಹೆಚ್ಚು ಗೋಲು ಹೊಡೆದವರು ಈಸ್ಟ್ ಬೆಂಗಾಲ್‌ನ ರಾಂಟಿ ಮಾರ್ಟಿನ್ಸ್, 17. ತಂಡ ನಾಲ್ಕನೇ ಸ್ಥಾನ. ಬಡ್ತಿ ಪಡೆದು ಬಂದ ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೊ ಅದಕ್ಕಿಂತ ಮೇಲೆ, ಮೂರರಲ್ಲಿ. ತಳದಲ್ಲಿದ್ದದ್ದು ಭಾರತ್ ಎಫ್‌ಸಿ. ಆದರೆ ನೇರ ಪ್ರವೇಶ ಪಡೆದ ಕಾರ್ಪೊರೇಟ್ ತಂಡಗಳಿಗೆ ಹಿಂಬಡ್ತಿಯಿಂದ ವಿನಾಯಿತಿ ಇತ್ತು. ಹಾಗಾಗಿ ಕೆಳಗಿಳಿದದ್ದು ಹತ್ತನೆಯ ಡೆಂಪೊ. ಐದು ಬಾರಿಯ ಚಾಂಪಿಯನ್, ಜನವರಿಯಲ್ಲಷ್ಟೇ ಫೆಡರೇಷನ್ ಕಪ್ ಫೈನಲ್ ಆಡಿದ ತಂಡ! ಕೊನೆಗೆ ಬಂದವನು ಉಳಿದು ಅವನಿಗಿಂತ ಮೇಲಿದ್ದವನು ಬೀಳುವುದು ಯಾವ ಲೆಕ್ಕಕ್ಕೂ ಸಿಗುವ ಮಾತಲ್ಲ.

2015-16ರಲ್ಲಿ ತಂಡಗಳು ಒಂಬತ್ತಕ್ಕಿಳಿದವು, ಪಂದ್ಯ 16ಕ್ಕೆ. ಈ ಸಲ ಬಾಗಾನ್‌ಗೂ ಏಷ್ಯಾದ ಪ್ರಯಾಣ ಗಂಟುಬಿತ್ತು: ಸಿಂಗಪುರದ ಟ್ಯಾಂಪಿನ್ಸ್ ಮೇಲೆ ಗೆಲುವು, ಚೀನಾದಲ್ಲಿ ಶಾಂಡೊಂಗ್ ಲುನೆಂಗ್ ಎದುರು 0-6, ಆಮೇಲೆ ಎಎಫ್‌ಸಿ ಕಪ್. ಲೀಗ್ ಮುಗಿದಾಗ ಬೆಂಗಳೂರು 32, ಬಾಗಾನ್ 30.